ಓದುಗರ ಸ್ಪಂದನ: ಮನೆಗೆ ಬಂದವರು ಈಗ ಆಕಾಶದಿಂದ ಹಾರ್ತಾರಂತೆ!

ಬೆಳಗಾವಿಯ ಸೋದರಿಯ ಪತ್ರ ನೆನಪಿದೆಯಲ್ಲ? ಗಂಡ ಹದಿನೇಳು ವರ್ಷ ಮಿಲಿಟರಿಯಲ್ಲಿದ್ದು ಪೆನ್ಷನ್ ಬಂದಿದ್ದಾರೆ. ರಾತ್ರಿ ಮಂಡಿಗೆ ಮುಲಾಮು ಹಚ್ಚಿಕೊಳ್ಳುವವರಿಗೆ ಈಗ ಸ್ಕೈಡೈವಿಂಗ್, ಅಂದರೆ ಪ್ಯಾರಾಶೂಟ್ ಕಟ್ಟಿಕೊಂಡು ವಿಮಾನದಿಂದ ಹಾರುವುದನ್ನು, ಕಲಿಯುವ ಹಟ. ‘ಹೇಗೆ ತಡೆಯಲಿ?’ ಎಂದು ಕೇಳಿದ್ದರು.

ಜಮಖಂಡಿಯಿಂದ ಒಬ್ಬರು:

ಅಕ್ಕಾ, ನಿಮ್ಮ ಪತ್ರ ಓದುತ್ತಾ ಹಂಚಿನ ಮೇಲಿನ ರೊಟ್ಟಿ ಸೀದು ಹೋಯಿತು. ನಮ್ಮವರೂ ಮಿಲಿಟರಿಯವರೇ. ಪೆನ್ಷನ್ ಬಂದ ವರ್ಷ ಹೊಸ ಬೈಕ್ ತಂದು, ಗೆಳೆಯರ ಜೊತೆ ಲೇಹ್‌ಗೆ ಹೋಗ್ತೀನಿ ಅಂದರು. ನಾನು ಮಗಳ ತಲೆ ಮುಟ್ಟಿಸಿ ಆಣೆ ಮಾಡಿಸಿದೆ. ಮರುಮಾತಾಡಲಿಲ್ಲ. ಬೈಕಿಗೆ ತಾಡಪಾಲು ಹೊದಿಸಿದರು. ಆಮೇಲೆ ದಿನಾ ಐದಕ್ಕೆ ಏಳುವುದು, ಶೂಗೆ ಪಾಲಿಶ್ ಹಾಕುವುದು, ಕಟ್ಟೆ ಮೇಲೆ ಕೂರುವುದು. ಎಲ್ಲಿಗೂ ಹೋಗಲ್ಲ, ಆದರೂ ಶೂ ಹೊಳೀಬೇಕು. ಮೂರು ವರ್ಷದ ಹಿಂದೆ ಅದೇ ಕಟ್ಟೆ ಮೇಲೆ ಎದೆನೋವು ಬಂತು. ಆಸ್ಪತ್ರೆ ಮುಟ್ಟಲಿಲ್ಲ. ಬೈಕ್ ಕೊಂಡ ಹುಡುಗ ಮೀಟರ್ ನೋಡಿ, ‘ಓಡಿಸೇ ಇಲ್ವಾ ಆಂಟಿ?’ ಅಂದ. ಏನು ಹೇಳಲಿ?

ತಡೆದು ಗೆದ್ದವರ ಪತ್ರ ಇದು. ವಿಜಯಪುರದವರದು ಚಿಕ್ಕದು:

ಹದಿನೇಳು ವರ್ಷ ಆಕೆ ಒಬ್ಬಳೇ ಮನೆ ನಡೆಸಿದ್ದಾಳೆ. ಇನ್ನಾದರೂ ನೆಲದ ಮೇಲೆ ಇರಪ್ಪಾ ಅಂತ ಆತನಿಗೆ ಹೇಳಿ.

ಗೋಕಾಕದ ಒಬ್ಬ ಮಾಜಿ ಪ್ಯಾರಾ (ಸೇನೆಯ ಪ್ಯಾರಾಶೂಟ್ ಪಡೆ) ಯೋಧರು ಆ ಗಂಡನಿಗೇ ಬರೆದಿದ್ದಾರೆ:

ತಮ್ಮಾ, ಆಗ್ರಾದ ಸೇನಾ ಪ್ಯಾರಾಶೂಟ್ ತರಬೇತಿಯಲ್ಲಿ ನಾವು ಕಲಿತದ್ದೇ ಬೇರೆ. ಸಾವಿರ ಚಿಲ್ಲರೆ ಅಡಿಯಿಂದ ಹಾರ್ತಿದ್ದೆವು. ವಿಮಾನಕ್ಕೆ ಸಿಕ್ಕಿಸಿದ ಪಟ್ಟಿಯೇ ಪ್ಯಾರಾಶೂಟ್ ಬಿಚ್ಚುತ್ತಿತ್ತು. ಐದು ಸಲ ಹಾರಿದರೆ ಎದೆಗೆ ರೆಕ್ಕೆ ಬಿಲ್ಲೆ. ಸ್ಕೈಡೈವಿಂಗ್‌ನಲ್ಲಿ 10,000 ಅಡಿ ಮೇಲಿಂದ, ಗಂಟೆಗೆ ಸುಮಾರು 200 ಕಿ.ಮೀ. ವೇಗದಲ್ಲಿ ಬೀಳ್ತೀಯ. ಒಬ್ಬನೇ ಹಾರುವಾಗ ಪ್ಯಾರಾಶೂಟ್ ನೀನೇ ಬಿಚ್ಚಬೇಕು. ಮಿಲಿಟರಿ ಪೊಗರು ಅಲ್ಲಿ ನಡೆಯಲ್ಲ. ಮೊದಲು ಟ್ಯಾಂಡಮ್ ಮಾಡು, ತರಬೇತುದಾರರ ಎದೆಗೆ ಕಟ್ಟಿಸಿಕೊಂಡು. ಅದಕ್ಕೂ ಮೊದಲು ಮಂಡಿ ತೋರಿಸು. ನೆಲ ಮುಟ್ಟುವಾಗ ಪೆಟ್ಟು ಬೀಳೋದು ಕಾಲಿಗೇ. ಅಂದಹಾಗೆ, 1971ರ ಯುದ್ಧದಲ್ಲಿ, ಡಿಸೆಂಬರ್ 11ರಂದು, ಈಗಿನ ಬಾಂಗ್ಲಾದೇಶದ ಟಾಂಗೈಲ್‌ನಲ್ಲಿ ಹಾರಿದ 2 ಪ್ಯಾರಾ ಬೆಟಾಲಿಯನ್ ಮೂಲತಃ ಮರಾಠಾ ರೆಜಿಮೆಂಟಿನ ಪಡೆ. ಆ ರೆಜಿಮೆಂಟಿನ ಕೇಂದ್ರ ಇರೋ ಬೆಳಗಾವಿಯಲ್ಲೇ ಇದು ಎಷ್ಟು ಜನಕ್ಕೆ ಗೊತ್ತು?

ಬಾಗಲಕೋಟೆಯವರೊಬ್ಬರ ಲೆಕ್ಕ:

ವಿಮೆ ಕಾಗದ ಓದಿ. ಸಾಹಸ ಕ್ರೀಡೆಯಲ್ಲಿ ಏನಾದರೂ ಆದರೆ ಎಷ್ಟೋ ಪಾಲಿಸಿಗಳು ಪೈಸೆ ಕೊಡಲ್ಲ. ದುಡ್ಡು ಜಾಸ್ತಿ ಇದ್ದರೆ ಎರಡು ಎಮ್ಮೆ ಕಟ್ಟಲಿ.

ಎಮ್ಮೆಯ ಸಲಹೆ ಕೊಟ್ಟವರು ಇನ್ನೂ ಮೂವರಿದ್ದಾರೆ. ಜಾಗವಿಲ್ಲ. ಪುಟ ಮುಗಿಸುವಾಗ, ಗೋಕಾಕದ ಪತ್ರ ಓದಿದ ಬೆಳಗಾವಿಯ ಸೋದರಿಯಿಂದಲೇ ಒಂದು ಸಾಲು ಬಂತು:

‘ಸೋಮವಾರ ಮಂಡಿ ಎಕ್ಸ್‌ರೇಗೆ ಹೋಗ್ತಿದ್ದೇವೆ. ಟ್ಯಾಂಡಮ್‌ಗೆ ತೂಕದ ಮಿತಿ ಎಷ್ಟು ಅಂತ ಆ ಅಣ್ಣನವರನ್ನು ಕೇಳಿ ಹೇಳ್ತೀರಾ? ನನಗಲ್ಲ, ಸುಮ್ನೆ ಕೇಳಿದೆ.’