ಗೋವಾ 70.3: ತಿನ್ನೋದು, ಕುಡಿಯೋದು, ಉಪ್ಪು. ನಿಮ್ಮ ಅನುಭವ ಹೇಳಿ

ಬನಶಂಕರಿ ಸೈಕಲ್:
ಗೋವಾದ ಐರನ್‌ಮ್ಯಾನ್ 70.3ಗೆ, ಅಂದರೆ ಸಮುದ್ರದಲ್ಲಿ ಈಜಿ, 90 ಕಿ.ಮೀ. ಸೈಕಲ್ ತುಳಿದು, ಆಮೇಲೆ 21 ಕಿ.ಮೀ. ಓಡುವ ರೇಸಿಗೆ, ಮೊದಲ ಸಲ ಹೆಸರು ಕೊಟ್ಟಿದ್ದೇನೆ. ಕಾಲಿನ ಬಗ್ಗೆ ಧೈರ್ಯ ಇದೆ, ಹೊಟ್ಟೆಯದೇ ಚಿಂತೆ. ತೂಕ 72 ಕೆ.ಜಿ., ಸಸ್ಯಾಹಾರಿ. ಸೈಕಲ್ ಮೇಲೆ ಎರಡನೇ ಜೆಲ್ (ಪೊಟ್ಟಣದಲ್ಲಿ ಬರುವ ಗಟ್ಟಿ ಸಕ್ಕರೆ ಪಾಕ) ಒಳಗೆ ಹೋಗುತ್ತಿದ್ದಂತೆ ವಾಕರಿಕೆ ಶುರು. ಓಟಕ್ಕೆ ಇಳಿದರೆ ಹೊಟ್ಟೆಯಲ್ಲಿ ನೀರು ಕುಲುಕುತ್ತದೆ. ಬೆಂಗಳೂರಿನ ತಂಪಲ್ಲೇ ಹೀಗಾದರೆ ಅಲ್ಲಿನ ಸೆಕೆಯಲ್ಲಿ ಏನು ಗತಿ? ನೀವೆಲ್ಲ ಏನು ತಿಂದಿರಿ, ಎಷ್ಟು ಕುಡಿದಿರಿ?

ಮಲ್ಪೆ ಕಡಲು:
ಸೆಕೆಯ ಮಾತು ಬಂತಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಬೆಂಗಳೂರಿನವರು ಗೋವಾಕ್ಕೆ ಬಂದು ಬೀಳುವುದು ಜೆಲ್ ಕಡಿಮೆಯಾಗಿ ಅಲ್ಲ ಮಾರಾಯ್ರೆ, ಗಾಳಿಯಲ್ಲಿರುವ ತೇವ ಗೊತ್ತಿಲ್ಲದೆ. ಬೆವರು ಹರಿಯುತ್ತದೆ, ಆದರೆ ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣ್ಣಗಾಗುವುದಿಲ್ಲ. ನಾನು ಉಡುಪಿಯವಳು. ಮಧ್ಯಾಹ್ನ ಹನ್ನೊಂದಕ್ಕೆ ಬೇಕಂತಲೇ ಓಡಲು ಹೋಗುತ್ತಿದ್ದೆ. ಮೈ ಸೆಕೆಗೆ ಒಗ್ಗಲು ಎರಡು ವಾರ ಬೇಕು. ಹಿಂದಿನ ದಿನ ವಿಮಾನದಲ್ಲಿ ಬಂದಿಳಿದರೆ ಯಾವ ಪುಡಿಯೂ ಕಾಪಾಡುವುದಿಲ್ಲ.

ರೇಸಿನ ದಿನ ಬೆಳಗ್ಗೆ ನಾಲ್ಕಕ್ಕೆ ಕುಚ್ಚಲಕ್ಕಿ ಗಂಜಿ, ಮೇಲೆ ಚೆನ್ನಾಗಿ ಉಪ್ಪು, ಒಂದು ಮಾವಿನ ಮಿಡಿ. ಲಾಡ್ಜಿನವರ ಹತ್ತಿರ ಬಿಸಿನೀರು ಕೇಳಿದರೆ ಮುಖ ಸಿಂಡರಿಸಿದರು, ನಾನು ರೈಸ್ ಕುಕ್ಕರನ್ನೇ ಹೊತ್ತು ತಂದಿದ್ದೆ. ಸಮುದ್ರದಲ್ಲಿ ಅಲೆ ಬಾಯಿಗೆ ಹೊಡೆಯುತ್ತದೆ, ಕೊಳದಲ್ಲಿ ಕಲಿತವರು ಎರಡು ಗುಟುಕು ಕುಡಿದೇ ಬಿಡುತ್ತಾರೆ. ಆ ನೀರಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಹೊಟ್ಟೆ ತೊಳಸುತ್ತಿರುವಾಗಲೇ ಸೈಕಲ್ ಹತ್ತಿ ಜೆಲ್ ಹಿಂಡಿಕೊಂಡರೆ ಬರುವುದು ವಾಂತಿಯೇ. ನಾನು ಮೊದಲ ಕಾಲು ಗಂಟೆ ಬರೀ ಸಾದಾ ನೀರು ಸಿಪ್ ಮಾಡಿದೆ, ಆಮೇಲೆ ಆಹಾರ. ಕೊನೆತನಕ ಓಡಿ ಮುಗಿಸಿದ್ದೇನೆ, ನಡೆದಿಲ್ಲ.

ಗ್ರಾಂ ಲೆಕ್ಕ:
ಗಂಜಿ ಬೆಳಗಿನ ಮಾತಾಯಿತು. ಆರೇಳು ಗಂಟೆಯ ರೇಸಿನಲ್ಲಿ ಮಧ್ಯೆ ಏನು ಹಾಕುತ್ತೀರಿ ಎನ್ನುವುದೇ ಮುಖ್ಯ.

ನನ್ನ ಖರ್ಚಿನ ಲೆಕ್ಕ ಹೇಳುತ್ತೇನೆ. ಗ್ಲುಕೋಸ್ ಒಂದೇ ಆದರೆ ಕರುಳು ಗಂಟೆಗೆ ಸುಮಾರು 60 ಗ್ರಾಂ ಮಾತ್ರ ಒಳಗೆ ಬಿಡುತ್ತದೆ. ಫ್ರಕ್ಟೋಸ್‌ಗೆ, ಅಂದರೆ ಹಣ್ಣಿನ ಸಕ್ಕರೆಗೆ, ಬೇರೆ ಬಾಗಿಲು ಇದೆ. ಎರಡನ್ನೂ ಸೇರಿಸಿದರೆ 90ರವರೆಗೆ ಹೋಗಬಹುದು. ನನ್ನ ಸೈಕಲ್‌ಗೆ ಮೂರೂವರೆ ಗಂಟೆ, ಗಂಟೆಗೆ 80 ಗ್ರಾಂ, ಒಟ್ಟು 280 ಗ್ರಾಂ. ಜೆಲ್‌ನಲ್ಲೇ ತೆಗೆದುಕೊಂಡರೆ 25 ಗ್ರಾಮಿನವು ಹನ್ನೊಂದು ಬೇಕು. ನಾನು ಕೊಳ್ಳುತ್ತಿದ್ದದ್ದು ಒಂದಕ್ಕೆ 150 ರೂಪಾಯಿ, ಅಲ್ಲಿಗೆ 1,650. ಇದು ರೇಸಿಗೆ ಮಾತ್ರ. ಭಾನುವಾರದ ಲಾಂಗ್ ರೈಡ್‌ಗೂ ಅದನ್ನೇ ತಿಂದು ಹೊಟ್ಟೆ ಒಗ್ಗಿಸಬೇಕಲ್ಲ. ಆ ವರ್ಷ ಜೆಲ್‌ಗೆ ಸುರಿದ ದುಡ್ಡಿನಲ್ಲಿ ಒಂದು ಜೊತೆ ಒಳ್ಳೆ ಟೈರು, ಶೂ ಎರಡೂ ಬರುತ್ತಿತ್ತು.

ಈಗ ಮಾಲ್ಟೋಡೆಕ್ಸ್‌ಟ್ರಿನ್ (ಹೊಟ್ಟೆಗೆ ಹೋದ ಮೇಲೆ ಗ್ಲುಕೋಸೇ ಆಗುವ ಪಿಷ್ಟದ ಪುಡಿ) ಕೆ.ಜಿ.ಗೆ 400, ಫ್ರಕ್ಟೋಸ್ 700. ಎರಡಕ್ಕೆ ಒಂದರಂತೆ ಕಲಸಿದರೆ ಅದೇ 280 ಗ್ರಾಮಿಗೆ 140 ರೂಪಾಯಿ. ಜೊತೆಗೆ ಅಡುಗೆ ಉಪ್ಪು, ಒಂದು ನಿಂಬೆಹಣ್ಣು. ಎರಡು ಬಾಟಲಿ, ತಲಾ 140 ಗ್ರಾಂ. ಮೊದಲೇ ಗೊತ್ತಿರಲಿ, ಇದು ಗಟ್ಟಿ ಪಾಕ. ಪಕ್ಕದಲ್ಲಿ ಸಾದಾ ನೀರು ಇರಲೇಬೇಕು.

ಧಾರವಾಡ ಬೆಲ್ಲ:
ಲ್ಯಾಬಿನ ಪುಡಿಗೆ ಇಷ್ಟು ಉಪಚಾರ ಯಾಕ್ರಿ? ಬೆಲ್ಲದಲ್ಲಿ ಇರುವುದು ಹೆಚ್ಚಾಗಿ ಸುಕ್ರೋಸ್. ಅದು ಒಡೆದರೆ ಅರ್ಧ ಗ್ಲುಕೋಸ್, ಅರ್ಧ ಫ್ರಕ್ಟೋಸ್. ನೀವು ಹೇಳುವ ಎರಡೂ ಬಾಗಿಲು ಅಲ್ಲೇ ತೆರೆಯಿತು. ನಾನು ಬೆಲ್ಲ ಕರಗಿಸಿ, ಬಟ್ಟೆಯಲ್ಲಿ ಎರಡು ಸಲ ಸೋಸಿ, ಉಪ್ಪು, ಶುಂಠಿ ಹಾಕಿ ಬಾಟಲಿ ತುಂಬಿದ್ದೆ. ಜೇಬಿನಲ್ಲಿ ಬೀಜ ತೆಗೆದ ಖರ್ಜೂರ, ಸಣ್ಣ ಇಡ್ಲಿ. ಹೌದು, ಇಡ್ಲಿ. ಹೊಟ್ಟೆಗೆ ಹಗುರ, ಬಾಯಿಗೆ ಉಪ್ಪು ಸಿಗುತ್ತದೆ.

ಆದ ನಷ್ಟ ಹೇಳುತ್ತೇನೆ. ರೋಡ್ ಹಂಪ್ ಮೇಲೆ ಹಿಂದಿನ ಬಾಟಲಿ ಹಾರಿ ಹೋಯಿತು. ಸೀಟಿನ ಹಿಂದೆ ಕೂರಿಸುವ ಆ ಹೋಲ್ಡರ್‌ಗೆ 2,800 ಕೊಟ್ಟಿದ್ದೆ, ಹಿಡಿತವೇ ಇಲ್ಲ. ಅರ್ಧ ಆಹಾರ ರಸ್ತೆಪಾಲು. ಮಿಕ್ಕ ದಾರಿ ಖರ್ಜೂರ, ಬಾಳೆಹಣ್ಣಿನ ಮೇಲೆ ಎಳೆದೆ. ಒಂದು ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಕಾರ್ಬ್ (ಸಕ್ಕರೆ, ಪಿಷ್ಟ), ನಿಮ್ಮ 150 ರೂಪಾಯಿಯ ಜೆಲ್‌ನಷ್ಟೇ.

ಗ್ರಾಂ ಲೆಕ್ಕ:
ಸುಕ್ರೋಸ್ ವಿಷಯ ಒಪ್ಪುತ್ತೇನೆ. ಆದರೆ 280 ಗ್ರಾಂ ಬೆಲ್ಲ ಎರಡು ಬಾಟಲಿಗೆ ಹಾಕಿ ಮೂರೂವರೆ ಗಂಟೆ ಕುಡಿದು ನೋಡಿ ಸರ್, ಸಿಹಿಗೆ ಬಾಯಿ ಕಟ್ಟಿಹೋಗುತ್ತದೆ. ಮಾಲ್ಟೋಡೆಕ್ಸ್‌ಟ್ರಿನ್‌ಗೆ ಸಿಹಿ ಕಡಿಮೆ, ಅದಕ್ಕೇ ಅದು. ಇನ್ನು ಆ ಬಿಸಿಲಲ್ಲಿ, 30 ಕಿ.ಮೀ. ವೇಗದಲ್ಲಿ ಇಡ್ಲಿ ಅಗಿಯುವುದು ನನಗಂತೂ ಆಗುವುದಿಲ್ಲ.

ಧಾರವಾಡ ಬೆಲ್ಲ:
ನಿಮಗೆ ಆಗದಿದ್ದರೆ ಯಾರಿಗೂ ಆಗುವುದಿಲ್ಲ ಅಂತ ಯಾಕೆ ಹೇಳುತ್ತೀರಿ?

ಉಂಗುರ ಬೆರಳು:
ಎಲ್ಲರೂ ಕಾರ್ಬ್ ಲೆಕ್ಕದಲ್ಲಿದ್ದೀರಿ. ನಾನು ಎಂಟು ಗಂಟೆ ಆಸ್ಪತ್ರೆಯಲ್ಲಿ ಮಲಗಿದ್ದು ನೀರು ಕುಡಿದು. ಕಡಿಮೆ ಕುಡಿದು ಅಲ್ಲ, ಜಾಸ್ತಿ ಕುಡಿದು.

ನನ್ನ ಕೋಚ್ ಹೇಳಿದ್ದು ಒಂದೇ ಮಾತು. ಬಾಯಾರುವ ತನಕ ಕಾಯಬೇಡ, ದಾರಿಯಲ್ಲಿ ನೀರು ಕೊಡುವ ಪ್ರತಿ ಸ್ಟೇಷನ್‌ನಲ್ಲೂ ಎರಡು ಕಪ್. ಹೇಳಿದ್ದನ್ನು ಹೇಳಿದಂತೆ ಮಾಡಿದೆ. ಓಟದ ಅರ್ಧದಲ್ಲಿ ತಲೆ ಸಿಡಿಯತೊಡಗಿತು. ಕೈ ಬೆರಳು ಊದಿ ಮದುವೆಯ ಉಂಗುರ ಚರ್ಮದೊಳಗೆ ಕೂತುಬಿಟ್ಟಿತು, ತಿರುಗಿಸಿದರೂ ಅಲುಗುತ್ತಿಲ್ಲ. ಪಕ್ಕದವರು ನೋಡಿ 'ನೀರು ಕಡಿಮೆಯಾಗಿದೆ, ಕುಡಿಯಿರಿ' ಎಂದು ಇನ್ನೊಂದು ಬಾಟಲಿ ಕೊಟ್ಟರು. ಕುಡಿದೆ. ಗೆರೆ ದಾಟಿ ವಾಂತಿ ಮಾಡಿಕೊಂಡೆ. ವೈದ್ಯಕೀಯ ಟೆಂಟಿನಲ್ಲಿದ್ದವರೂ ಡೀಹೈಡ್ರೇಷನ್ ಎಂದು ಡ್ರಿಪ್ ಹಾಕಲು ಹೊರಟರು. ಹೆಂಡತಿ ನರ್ಸ್, ಅವಳು ಹಟ ಹಿಡಿದು ತೂಕ ನೋಡಿಸಿದಳು. ಬೆಳಗ್ಗೆಗಿಂತ ಒಂದೂವರೆ ಕೆ.ಜಿ. ಜಾಸ್ತಿ! ಆಸ್ಪತ್ರೆಯಲ್ಲಿ ನೋಡಿದರೆ, ಕುಡಿದ ನೀರಿಗೆ ರಕ್ತದ ಉಪ್ಪಿನಂಶ ತೆಳುವಾಗಿ ಸೋಡಿಯಂ 126 ಬಂತು. 135ಕ್ಕಿಂತ ಕೆಳಗಿದ್ದರೇ ಕಡಿಮೆ ಎಂದು ಲೆಕ್ಕ. ಬಿಲ್ 38,000. ಒಂದು ದಿನದೊಳಗಿನ ದಾಖಲಾತಿ ಎಂದು ಇನ್ಶೂರೆನ್ಸ್‌ನವರು ಕೊಡಲಿಲ್ಲ. ಅಪೀಲು ಹಾಕಿದೆ, ಅದೂ ವಾಪಸ್ ಬಂತು. ಆ ಕೋಚ್ ಇವತ್ತಿಗೂ ಅದೇ ಪ್ಲಾನನ್ನು ಹೊಸಬರಿಗೆ ಮಾರುತ್ತಿದ್ದಾರೆ.

ಮಲ್ಪೆ ಕಡಲು:
ನಿಮ್ಮ ಕಷ್ಟ ಅರ್ಥವಾಗುತ್ತದೆ. ಆದರೆ ಹೊಸಬರು ಇದನ್ನು ಓದಿ ನೀರು ಬಿಟ್ಟರೆ? ನಮ್ಮ ಗುಂಪಿನ ಹುಡುಗ ಓಟದಲ್ಲಿ ದಿಕ್ಕು ತಪ್ಪಿ ವಾಲಾಡುತ್ತಿದ್ದ, ಮೈ ಕೆಂಡ. ಐಸ್ ನೀರಿನಲ್ಲಿ ಕೂರಿಸಿ ಉಳಿಸಿದರು. 2016ರಲ್ಲಿ ಮೆಕ್ಸಿಕೋದ ಕೊಜುಮೆಲ್‌ನ ರೇಸಿನಲ್ಲಿ ಬ್ರಿಟನ್ನಿನ ಒಲಿಂಪಿಕ್ ಟ್ರಯಥ್ಲೀಟ್ ಜಾನಿ ಬ್ರೌನ್‌ಲಿಯಂಥವನನ್ನೇ ಅಣ್ಣ ಹೆಗಲು ಕೊಟ್ಟು ಗೆರೆಯ ಹತ್ತಿರ ತರಬೇಕಾಯಿತು, ಎಲ್ಲರೂ ವಿಡಿಯೋ ನೋಡಿದ್ದೀರಿ.

ಉಂಗುರ ಬೆರಳು:
ನೀರು ಬಿಡಿ ಅಂತ ನಾನು ಎಲ್ಲಿ ಬರೆದೆ ಅಕ್ಕ? ಅಳೆದು ಕುಡಿಯಿರಿ ಅನ್ನುತ್ತಿದ್ದೇನೆ. ಇದು ಯಾರಿಗೋ ಒಬ್ಬರಿಗೆ ಬರುವ ಕಾಯಿಲೆ ಎಂದು ತಳ್ಳಿಹಾಕುವುದನ್ನು ಕೇಳಿ ಸಾಕಾಗಿದೆ.

ಹಾಸನದ ಡಾಕ್ಟರಮ್ಮ:
ಉಂಗುರದವರು ಹೇಳಿದ್ದು ಅಪರೂಪದ್ದಲ್ಲ. 2002ರ ಬೋಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತ ಪರೀಕ್ಷೆ ಮಾಡಿದಾಗ 13%ರಷ್ಟು ಜನರಿಗೆ ಸೋಡಿಯಂ ಕಡಿಮೆ ಇತ್ತು. ಅದೇ ಓಟದಲ್ಲಿ ಒಬ್ಬ ಹೆಣ್ಣುಮಗಳು ಇದರಿಂದಲೇ ತೀರಿಕೊಂಡಳು. ಓಡುತ್ತಾ ತೂಕ ಏರಿಸಿಕೊಂಡವರಿಗೇ ಅಪಾಯ ಜಾಸ್ತಿ. ನೋವಿನ ಮಾತ್ರೆ, ಅದರಲ್ಲೂ ಐಬುಪ್ರೊಫೆನ್, ರೇಸಿಗೆ ಮುಂಚೆ ನುಂಗಬೇಡಿ. ಕಿಡ್ನಿಗೆ ಹೊಡೆತ, ಸೋಡಿಯಂಗೂ ಹೊಡೆತ. ನಾನು ಮಂಡಿನೋವಿನಲ್ಲೇ ಮುಗಿಸಿದೆ, ಮಾತ್ರೆ ಮುಟ್ಟಲಿಲ್ಲ.

ನನ್ನ ಪದ್ಧತಿ ಹೀಗೆ. ಒಂದು ಗಂಟೆ ಸೈಕಲ್ ತುಳಿಯುವ ಮುಂಚೆ, ಆಮೇಲೆ, ಬೆವರು ಒರೆಸಿಕೊಂಡು ತೂಕ ನೋಡುವುದು. ಒಂದು ಕೆ.ಜಿ. ಇಳಿದು, ಮಧ್ಯೆ ಅರ್ಧ ಲೀಟರ್ ಕುಡಿದಿದ್ದರೆ ಬೆವರು ಒಂದೂವರೆ ಲೀಟರ್. ಅಷ್ಟನ್ನೂ ವಾಪಸ್ ತುಂಬಲು ಹೋಗಬೇಡಿ. ತೂಕ ಸ್ವಲ್ಪ ಇಳಿದರೆ ತೊಂದರೆಯಿಲ್ಲ, ಏರಬಾರದು ಅಷ್ಟೆ.

ಕನಕಪುರ ರಸ್ತೆ:
ಇಷ್ಟೆಲ್ಲ ಯಾಕೆ ಮೇಡಂ? ಟೆಟ್ರಾ ಪ್ಯಾಕಿನ ಓಆರ್‌ಎಸ್ (ಭೇದಿಯಾದಾಗ ಕುಡಿಸುವ ಉಪ್ಪು-ಸಕ್ಕರೆ ದ್ರಾವಣ) ಸಿಗುತ್ತದೆ, ಮೂರು ತೆಗೆದುಕೊಂಡು ಹೋಗಿ ಅಂದರೆ ಮುಗಿಯಿತು. ನಾನು ಅದರಲ್ಲೇ ಎರಡು ರೇಸ್ ಮುಗಿಸಿದ್ದೇನೆ.

ಹಾಸನದ ಡಾಕ್ಟರಮ್ಮ:
ಅದು ಓಆರ್‌ಎಸ್ ಅಲ್ಲ! ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲುಕೋಸ್, ಮೇಲೆ ಪೊಟ್ಯಾಷಿಯಂ, ಸಿಟ್ರೇಟ್. ಸೋಡಿಯಂ ಸುಮಾರು 1,700 ಮಿ.ಗ್ರಾಂ. ನೀವು ಕುಡಿದಿದ್ದು ಹಣ್ಣಿನ ರುಚಿಯ ಸಕ್ಕರೆ ನೀರು ಆಗಿರಬೇಕು. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದ ಮೇಲೆ, 2025ರ ಅಕ್ಟೋಬರ್‌ನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಇಂಥ ಪಾನೀಯಗಳ ಮೇಲೆ ಓಆರ್‌ಎಸ್ ಎಂದು ಬರೆಯುವುದನ್ನೇ ನಿಲ್ಲಿಸಿತು. ಭೇದಿಯಾದ ಮಗುವಿಗೆ ಇದನ್ನು ಕುಡಿಸಿ ನನ್ನ ಹತ್ತಿರ ತಂದವರನ್ನು ನೋಡಿದ್ದೇನೆ. ಸಿಟ್ಟು ಬರದೆ ಇರುತ್ತದೆಯೇ?

ಕನಕಪುರ ರಸ್ತೆ:
ಮಕ್ಕಳ ಭೇದಿಯನ್ನು ಇಲ್ಲಿ ಯಾಕೆ ತರುತ್ತೀರಿ? ನಮಗೆ ಸಕ್ಕರೆಯೂ ಬೇಕು ತಾನೇ. ನಿಮ್ಮ ಅಸಲಿ ಓಆರ್‌ಎಸ್ ಲೀಟರಿಗೆ 13.5 ಗ್ರಾಂ ಕೊಟ್ಟರೆ ಅದರಲ್ಲಿ 90 ಕಿ.ಮೀ. ತುಳಿಯಲು ಆಗುತ್ತದಾ?

ಗ್ರಾಂ ಲೆಕ್ಕ:
ಇದರಲ್ಲಿ ಅವರು ಸರಿ. ಓಆರ್‌ಎಸ್ ಉಪ್ಪಿಗೆ, ಶಕ್ತಿಗಲ್ಲ.

ಹಾಸನದ ಡಾಕ್ಟರಮ್ಮ:
ಶಕ್ತಿಗೆ ಅಂತ ನಾನು ಹೇಳಿಯೇ ಇಲ್ಲ. ಹೆಸರು ಸುಳ್ಳಾಗಬಾರದು ಅಂದೆ.

ಧಾರವಾಡ ಬೆಲ್ಲ:
ಎಳನೀರು ಯಾರೂ ಹೇಳಲಿಲ್ಲವಲ್ಲ.

ಉಂಗುರ ಬೆರಳು:
ಎಳನೀರಿನಲ್ಲಿ ಪೊಟ್ಯಾಷಿಯಂ ಜಾಸ್ತಿ, ಸೋಡಿಯಂ ಕಡಿಮೆ. ಬೆವರಲ್ಲಿ ಹೋಗುವುದು ಹೆಚ್ಚಾಗಿ ಸೋಡಿಯಂ. ಎಳನೀರು ನಂಬಿಕೊಂಡು ಆ ಬಿಸಿಲಿಗೆ ಇಳಿಯಬೇಡಿ.

ಮಿರಾಮಾರ್ ಮಜ್ಜಿಗೆ:
ನನ್ನದು ಸುಲಭ. ಓಟದ ಸುತ್ತಿನಲ್ಲಿ ತಮ್ಮ ನಿಂತಿದ್ದ, ಪ್ರತಿ ಸುತ್ತಿಗೂ ಉಪ್ಪು, ಇಂಗು ಹಾಕಿದ ನೀರು ಮಜ್ಜಿಗೆ ಕೈಗೆ ಕೊಟ್ಟ. ಕಾಲು ಒಂದು ಸಲವೂ ಹಿಡಿದುಕೊಳ್ಳಲಿಲ್ಲ.

ಗ್ರಾಂ ಲೆಕ್ಕ:
ಹೊರಗಿನವರಿಂದ ಏನೂ ತೆಗೆದುಕೊಳ್ಳುವಂತಿಲ್ಲ. ಐರನ್‌ಮ್ಯಾನ್ ನಿಯಮದಲ್ಲೇ ಇದೆ. ನೋಡಿದ್ದರೆ ನಿಮ್ಮನ್ನು ಅನರ್ಹ ಮಾಡಬಹುದಿತ್ತು. ನಾನು ಹನ್ನೊಂದು ಜೆಲ್ ಹೊತ್ತು ತುಳಿದೆ, ನೀವು ತಮ್ಮನಿಂದ ಮಜ್ಜಿಗೆ ಕುಡಿದಿರಿ. ಇಬ್ಬರದೂ ಒಂದೇ ಮೆಡಲ್ ಹೇಗಾಗುತ್ತದೆ?

ಮಿರಾಮಾರ್ ಮಜ್ಜಿಗೆ:
ಒಂದು ಲೋಟ ಮಜ್ಜಿಗೆಗೆ ಮೆಡಲ್ ಕಿತ್ತುಕೊಳ್ಳುತ್ತೀರಾ? ವೇದಿಕೆಗೆ ಏರಲು ಹೋಗಿರಲಿಲ್ಲ ನಾನು. ರಸ್ತೆಯಲ್ಲಿ ಖಾಲಿ ಜೆಲ್ ಕವರ್ ಎಸೆದು ಹೋಗುವವರ ಬಗ್ಗೆ ಮೊದಲು ಬರೆಯಿರಿ. ಅದಕ್ಕೂ ದಂಡ ಇದೆ.

ಗ್ರಾಂ ಲೆಕ್ಕ:
ಅದು ನನಗೆ ಹೇಳಿದ್ದಾದರೆ, ನಾನು ಒಂದೂ ಎಸೆದಿಲ್ಲ. ಎಲ್ಲ ಜೇಬಿನಲ್ಲೇ ವಾಪಸ್ ತಂದೆ, ಜರ್ಸಿ ಅಂಟಂಟಾಗಿ ಇರುವೆ ಮುತ್ತಿತ್ತು.

ಬನಶಂಕರಿ ಸೈಕಲ್:
ಎಲ್ಲರಿಗೂ ಧನ್ಯವಾದ. ತೂಕದ ಲೆಕ್ಕ ನಾಳೆಯೇ ಮಾಡುತ್ತೇನೆ. ಆದರೆ ಎರಡನೇ ಜೆಲ್‌ಗೆ ಯಾಕೆ ವಾಕರಿಕೆ ಬರುತ್ತದೆ ಅನ್ನುವುದು ಇನ್ನೂ ಗೊತ್ತಾಗಲಿಲ್ಲ.

ಹಾಸನದ ಡಾಕ್ಟರಮ್ಮ:
ಜೆಲ್ ಮೇಲೆ ಏನು ಕುಡಿಯುತ್ತೀರಿ?

ಬನಶಂಕರಿ ಸೈಕಲ್:
ಬಾಟಲಿಯಲ್ಲಿ ಎನರ್ಜಿ ಡ್ರಿಂಕ್ ಪುಡಿ ಕಲಸಿರುತ್ತೇನೆ. ಅದೇ.

ಹಾಸನದ ಡಾಕ್ಟರಮ್ಮ:
ಹಾಗಾದರೆ ಸಕ್ಕರೆ ಮೇಲೆ ಸಕ್ಕರೆ ಬೀಳುತ್ತಿದೆ. ಅಷ್ಟು ಗಟ್ಟಿಯಾದದ್ದು ಹೊಟ್ಟೆಯಿಂದ ಬೇಗ ಕೆಳಗಿಳಿಯುವುದಿಲ್ಲ, ಮೇಲಿಂದ ಕರುಳು ಮೈಯೊಳಗಿನ ನೀರನ್ನೇ ತನ್ನ ಕಡೆ ಎಳೆದುಕೊಳ್ಳುತ್ತದೆ. ಕುಲುಕುವುದೂ ಅದಕ್ಕೇ ಇರಬಹುದು. ಈ ಭಾನುವಾರ ಒಂದು ಬಾಟಲಿ ಸಾದಾ ನೀರು ಇಟ್ಟುಕೊಳ್ಳಿ, ಜೆಲ್ ಜೊತೆ ಅದನ್ನೇ ಕುಡಿಯಿರಿ. ಗಂಟೆಗೆ 40 ಗ್ರಾಮಿನಿಂದ ಶುರು ಮಾಡಿ, ಹೊಟ್ಟೆ ತಡೆದುಕೊಂಡರೆ ವಾರಕ್ಕೆ ಹತ್ತು ಗ್ರಾಂ ಏರಿಸುತ್ತಾ ಹೋಗಿ.

ಧಾರವಾಡ ಬೆಲ್ಲ:
ಇಡ್ಲಿಯನ್ನೂ ಒಂದು ಸಲ ನೋಡಿರಿ.