ಅಪ್‌ಡೇಟ್: ಓದಿದರೂ ಹೋಗದ ಅಳುಕು, ಕೊನೆಗೆ ಏನು ಕೆಲಸ ಮಾಡಿತು
ಸ್ವಸಹಾಯ ಪುಸ್ತಕ ಎಷ್ಟು ಓದಿದರೂ "ನನ್ನ ಕೈಲಾಗಲ್ಲ" ಅನ್ನೋ ಅಳುಕು ಹೋಗ್ತಿಲ್ಲ ಅಂತ ಕೇಳಿದ್ದೆ. ಫಲ ಕೊಟ್ಟಿದ್ದು "ಅಧ್ಯಾಯಕ್ಕೊಂದು ಕೆಲಸ" ಸಲಹೆ; ಹೇಳಿದವರಿಗೆ ತುಂಬಾ ಥ್ಯಾಂಕ್ಸ್. ಒಂದು ಅಧ್ಯಾಯ ಓದಿ, ಅದರಲ್ಲಿ ಹೇಳಿದ್ದನ್ನು 48 ಗಂಟೆಯೊಳಗೆ ಮಾಡಿ ನೋಡೋ 10 ನಿಮಿಷದ ಒಂದು ಕೆಲಸ. ಅದು ಮುಗಿಯೋವರೆಗೆ ಮುಂದಿನ ಪುಟ ತಿರುಗಿಸಬಾರದು.

ನೋಟ್‌ಬುಕ್ಕಿನ ಎಡಗಡೆ, ಕೆಲಸಕ್ಕೆ ಮೊದಲೇ, ಭಯ ಏನು, ಅದು ನಿಜವಾಗುತ್ತೆ ಅಂತ ಎಷ್ಟು ಶೇಕಡಾ ಅನ್ನಿಸುತ್ತೆ ಅಂತ ಬರೆದೆ: "ಮೀಟಿಂಗಲ್ಲಿ ಪ್ರಶ್ನೆ ಕೇಳಿದ್ರೆ ನಗ್ತಾರೆ, 80%." ಬಲಗಡೆ ಆಮೇಲೆ ಆಗಿದ್ದು: "ಯಾರೂ ನಗಲಿಲ್ಲ, ಇಬ್ಬರು ಉತ್ತರಿಸಿದರು." ಶೇಕಡಾ ಬರೆಯೋದು ಬಿಡಬೇಡಿ; ಇಲ್ಲದಿದ್ರೆ ಮನಸ್ಸು "ಅಷ್ಟೇನೂ ಹೆದರಿರಲಿಲ್ಲ" ಅಂತ ಜಾರಿಕೊಳ್ಳುತ್ತೆ, ಗೆದ್ದಿದ್ದು ಲೆಕ್ಕಕ್ಕೇ ಬರಲ್ಲ.

ಕನ್ನಡಿ ಮುಂದೆ "ನಾನು ಸಮರ್ಥ" ಅಂತ ಹೇಳೋದು ಮಾತ್ರ ಉಲ್ಟಾ ಹೊಡೀತು. ಆಶ್ಚರ್ಯ ಅಂದ್ರೆ, 2009ರ ಒಂದು ಮನೋವಿಜ್ಞಾನ ಅಧ್ಯಯನದಲ್ಲೂ ತಮ್ಮ ಬಗ್ಗೆ ಕೀಳರಿಮೆ ಇದ್ದವರಿಗೆ ಇಂಥ ಮಾತುಗಳಿಂದ ಇನ್ನಷ್ಟು ಬೇಸರವೇ ಆಗಿತ್ತು.