ಅಪ್‌ಡೇಟ್: ವಿಕ್ಟರಿಯ ಮೂತಿ ಕೊನೆಗೂ ಬಾಗಿತು

ಎಚ್‌ಎಂಎಸ್ ವಿಕ್ಟರಿ ಎಂಬ ಹಳೆಯ ಬ್ರಿಟಿಷ್ ಯುದ್ಧನೌಕೆಯ 1:72 (ಅಸಲಿಯ 72ನೇ ಒಂದು ಪಾಲಿನ ಅಳತೆ) ಮಾದರಿಗೆ ಮರದ ಪಟ್ಟಿ ಹೊದಿಸುವಾಗ ಮುಂಭಾಗದ ತಿರುವಿನಲ್ಲಿ ಒಂದೊಂದೇ ಮುರಿಯುತ್ತಿದೆ ಅಂತ ಕೇಳಿದ್ದೆನಲ್ಲ, ಅದರ ಮುಂದಿನ ಕಥೆ.

ನೆನೆಸಿದರಷ್ಟೇ ಸಾಲದು, ಕಾವು ಬೇಕು ಎಂದವರ ಮಾತು ನಿಜ. ಬಿಸಿನೀರಿನಲ್ಲಿ ಅರ್ಧ ಗಂಟೆ ಇಟ್ಟು, ಕಾದ ಲೋಹದ ಕೊಳವೆಗೆ ಒತ್ತಿ ನಿಧಾನಕ್ಕೆ ಬಾಗಿಸಿದೆ. ಆದರೆ ಅಸಲಿ ತಪ್ಪು ಬೇರೆಯೇ ಇತ್ತು. ಹಡಗಿನ ನಡುವಿನ ಸುತ್ತಳತೆ ಮೂತಿಯ ಹತ್ತಿರ ಇರುವುದಿಲ್ಲ. ನಾನೋ ಪಟ್ಟಿಯನ್ನು ಪೂರ್ತಿ ಅಗಲದಲ್ಲೇ ತುದಿಯವರೆಗೆ ಎಳೆದು, ಅಂಚಿನ ಕಡೆಗೆ ಬಗ್ಗಿಸಲು ಹೆಣಗುತ್ತಿದ್ದೆ. ಮುರಿಯದೆ ಇನ್ನೇನಾದೀತು! ಈಗ ಪಟ್ಟಿ ಅಂಟಿಸುವ ಪ್ರತಿ ಅಡ್ಡ ಚೌಕಟ್ಟಿನಲ್ಲೂ ಅಳೆದು, ಮುಂದಕ್ಕೆ ಹೋದಂತೆ ಪಟ್ಟಿಯನ್ನು ಕಿರಿದಾಗಿ ಹೆರೆಯುತ್ತೇನೆ. ಚೌಕಟ್ಟುಗಳ ಅಂಚನ್ನೂ ಓರೆಯಾಗಿ ಉಜ್ಜಿದೆ. ಅದಕ್ಕೆ ಹನ್ನೊಂದು ಪಟ್ಟಿ ಕಿತ್ತೆ, ಹೊಟ್ಟೆ ಉರಿಯಿತು.

ಪಟ್ಟಿಗಳ ಮೊದಲ ಪದರ ಮುಗಿದಿದೆ. ಬಣ್ಣದ ಬಗ್ಗೆ: 1805ರ ಟ್ರಫಾಲ್ಗರ್ ಕದನದ ಹೊತ್ತಿನ ಬಣ್ಣವೇ ಬೇಕು. ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿರುವ ಅಸಲಿ ಹಡಗಿಗೆ, ಹಳೆಯ ಬಣ್ಣದ ಪದರಗಳನ್ನು ಪರೀಕ್ಷಿಸಿ 2015ರಲ್ಲಿ ಬಳಿದ ಪೇಲವ ಹಳದಿಯನ್ನೇ ಬಳಿಯುತ್ತೇನೆ, ಗಾಢ ಹಳದಿ ಬೇಡ.

ಇನ್ನು 104 ಫಿರಂಗಿಗಳಿವೆ. ಹಾಯಿ-ಕಂಬಗಳ ಹಗ್ಗಗಳ ಮಾತು ಸದ್ಯಕ್ಕೆ ಯಾರೂ ಎತ್ತಬೇಡಿ.